ಫರ್ಮಾ ನಿಮ್ಮದು, ಬ್ಲಾಕು ನಮ್ಮದು

ಮಾತಾಡುವವರು ಇಬ್ಬರು. ಒಬ್ಬರು ಸಿಂದಗಿಯಲ್ಲಿ ಟ್ರೆಡಲ್ ಯಂತ್ರದ ಕಾಲದಿಂದ ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕ ಅಚ್ಚು ಹಾಕಿದವರು. ಈಗ ಅದೇ ಅಂಗಡಿಯಲ್ಲಿ ‘ನುಡಿ’ ಹಾಕಿಕೊಂಡು ಡಿಟಿಪಿ ಮಾಡುತ್ತಾರೆ. ಇನ್ನೊಬ್ಬಳು ಅವರ ಅಣ್ಣನ ಮಗಳು, ಬೆಂಗಳೂರಿನ ಕಂಪನಿಗೆ ಊರಿಂದಲೇ ಕೆಲಸ ಮಾಡುವ ವೆಬ್ ಡೆವಲಪರ್. ಬಿಡುವಿನಲ್ಲಿ ಅವಳೊಂದು ಬಿಡಿಭಾಗ ಕಟ್ಟುತ್ತಿದ್ದಾಳೆ: ಯಾವ ಜಾಲಪುಟದಲ್ಲಾದರೂ ಕೂಡಿಸಬಹುದಾದ, ಕನ್ನಡ ಬರೆಯುವ ಪೆಟ್ಟಿಗೆ. ಮುದ್ದೇಬಿಹಾಳದ ಕಾಲೇಜೊಂದರ ಪ್ರವೇಶ ಅರ್ಜಿ, ಸಿಂದಗಿಯ ಪತ್ತಿನ ಸಹಕಾರಿ ಸಂಘವೊಂದರ ಪುಟ, ಇಂಡಿ ಊರಿನ ನಿಂಬೆ ವ್ಯಾಪಾರಿಯ ಪುಟ, ಬಸವನ ಬಾಗೇವಾಡಿಯ ಗೆಳತಿ ಕಟ್ಟುತ್ತಿರುವ ವಚನ ಹುಡುಕುವ ಪುಟ, ನಾಲ್ಕಕ್ಕೂ ಒಂದೇ ಪೆಟ್ಟಿಗೆ ಸಾಕೆಂಬುದು ಅವಳ ಎಣಿಕೆ. ಮಧ್ಯಾಹ್ನ ಕರೆಂಟು ಹೋಗಿ ಪ್ರಿಂಟರು ನಿಂತಾಗ ಮಾತು ಶುರುವಾಯಿತು.

ಅಚ್ಚಿನವರು: ಜಾಲಪುಟದಾಗ ಬರಿಯೂ ಜಾಗ ಮೊದಲ ಇರತೈತಲ್ಲವ್ವಾ. ಅದರ ಮ್ಯಾಲ ನೀ ಇನ್ನೇನ ಕಟ್ಟತೀ?

ಜಾಲದವಳು: ಜಾಗ ಇರತೈತ್ರಿ ಕಾಕಾ, ಅದಕ್ಕ ಕನ್ನಡ ಬರೂದಿಲ್ಲ. ನನ್ನ ಪೆಟ್ಟಿಗ್ಯಾಗ ಇಂಗ್ಲಿಷ್ ‘ಕೆ’ ಕೀಲಿ ಒತ್ತಿದ್ರ ‘ಕ್’ ಬೀಳತೈತಿ. ಮುಂದ ‘ಎ’ ಒತ್ತಿದ್ರ ಹಲಂತ ಅಳಿಸಿ ‘ಕ’ ಆಗತೈತಿ, ‘ಐ’ ಒತ್ತಿದ್ರ ‘ಕಿ’. ಒಳಗಿರೂದು ಬರೇ ಒಂದು ನಿಯಮದ ಪಟ್ಟಿ: ಹಿಂದಿನ ಅಕ್ಷರ ಇದು, ಈಗ ಒತ್ತಿದ ಕೀಲಿ ಇದು, ಎರಡನ್ನೂ ತಗದು ಇದನ್ನ ಇಡು. ಪುಟ ಕಟ್ಟೋರಿಗೆ ಈ ತ್ರಾಸು ಯಾವುದೂ ಇಲ್ಲ. ಸ್ಕ್ರಿಪ್ಟ್ ಕರಿಯೂ ಸಾಲು ಒಂದು, ಪೆಟ್ಟಿಗೆ ಎಲ್ಲಿ ಕೂಡಬೇಕಂತ ಹೇಳೂ ಟ್ಯಾಗು ಒಂದು. ಎರಡ ಸಾಲು ಹಾಕಿದ್ರ ಮುಗೀತು.

ಅಚ್ಚಿನವರು: ಬ್ಲಾಕು ಇದ್ದಂಗ ಅನ್ನು.

ಜಾಲದವಳು: ಯಾವ ಬ್ಲಾಕ್ರಿ?

ಅಚ್ಚಿನವರು: ಮೊಳೆ ಜೋಡಸೂ ಕಾಲದಾಗ ಲಗ್ನಪತ್ರಿಕೆಗೆ ಗಣಪತಿ ಬೇಕಂದ್ರ ಪ್ರತಿ ಸಲ ಹೊಸಾದು ಮಾಡಸತಿದ್ದಿಲ್ಲ. ಸತುವಿನ ತಗಡಿನ ಮ್ಯಾಲ ಮಾಡಿಸಿ ಕಟಗಿಗೆ ಬಡದ ಬ್ಲಾಕ್ ಒಂದ ಇರತಿತ್ತು. ಯಾರ ಲಗ್ನ ಇದ್ರೂ ಅದ ಗಣಪತಿ. ಬಾಜೂ ಪ್ರೆಸ್ಸಿನವರು ಕೇಳಿದ್ರ ಕೊಡತಿದ್ದೆ. ಅವರು ತಮ್ಮ ಫರ್ಮಾದಾಗ ಕೂಡಸಿ, ಚೇಸಿನೊಳಗ ಬಿಗದು, ಅಚ್ಚ ಹಾಕಿ ವಾಪಸ್ ಕೊಡತಿದ್ರು. ನನ್ನ ಬ್ಲಾಕ್ ಅವರ ಫರ್ಮಾದಾಗ ಯಾಕ ಕೂಡತಿತ್ತು ಹೇಳು? ಮೊಳೆಯ ಎತ್ತರ, ಬ್ಲಾಕಿನ ಎತ್ತರ ಎರಡೂ ಒಂದ: 0.918 ಇಂಚು. ಒಂದೀಟು ಕಡಿಮಿ ಬಿದ್ರ ಬ್ಲಾಕಿನ ತಳಕ್ಕ ಕಾಗದ ಕೊಟ್ಟು ಎತ್ತತಿದ್ವಿ.

ಜಾಲದವಳು: ಜಾಲದಾಗ ಭಾಳ ವರ್ಷ ಆ 0.918 ಅನ್ನೂದ ಇದ್ದಿಲ್ರಿ. 2006ರಾಗ ಜೆಕ್ವೆರಿ ಬಂತು, ಅದರ ಮ್ಯಾಲ ಕಟ್ಟಿದ್ದಕ್ಕ ಜೆಕ್ವೆರೀನ ಬೇಕು. 2013ರಾಗ ರಿಯಾಕ್ಟ್ ಬಂತು, ಅಲ್ಲಿ ಕಟ್ಟಿದ್ದು ಅಲ್ಲೇ ನಡೀಬೇಕು. ಬ್ರೌಸರಿಗೇ ಹೊಸ ಟ್ಯಾಗು ಕಲಸೂ ದಾರಿ ಇರಬೇಕು ಅನ್ನೂ ವೆಬ್ ಕಾಂಪೊನೆಂಟ್ ವಿಚಾರ ಅಲೆಕ್ಸ್ ರಸೆಲ್ ಅನ್ನೋರು 2011ರಾಗ ಮುಂದಿಟ್ರು. ಕ್ರೋಮ್, ಸಫಾರಿ ಮೊದಲ ಒಪ್ಪಿದ್ವು, ಫೈರ್‌ಫಾಕ್ಸ್ 2018ರಾಗ, ಎಡ್ಜ್ 2020ರಾಗ. ಈಗ ಟ್ಯಾಗಿನ ಹೆಸರು ಇದು, ಹಿಂದಿನ ಕೋಡು ಇದು ಅಂತ ಒಂದ ಸಲ ಬ್ರೌಸರಿಗೆ ನೋಂದಣಿ ಮಾಡಿದ್ರ ಪುಟ ಯಾವುದರಾಗ ಕಟ್ಟಿದ್ರೂ ನಡೀತೈತಿ. ಹೆಸರಿನ ನಡುವ ಒಂದು ಹೈಫನ್ ಮಾತ್ರ ಕಡ್ಡಾಯ. ನಾಳಿ ಬ್ರೌಸರಿನವರ ತಾವೇ ಒಂದು ಟ್ಯಾಗು ತಂದ್ರ ನಮ್ಮದರ ಜೋಡಿ ಜಗಳ ಹತ್ತಬಾರದಂತ. ಹೆಸರಿನ್ಯಾಗ ಕನ್ನಡ ಅಕ್ಷರನೂ ನಡೀತಾವ, ಮೊದಲಿಂದು ಒಂದ ಬಿಟ್ಟು.

ಅಚ್ಚಿನವರು: ಮೊದಲಿಂದಕ್ಕ ಯಾಕ ತಕರಾರು?

ಜಾಲದವಳು: ಕೋನದ ಗುರುತಿನ ಬೆನ್ನಿಗೆ ಇಂಗ್ಲಿಷ್ ಅಕ್ಷರ ಬಂದ್ರಷ್ಟ ಬ್ರೌಸರು ಅದನ್ನ ಟ್ಯಾಗು ಅಂತ ತಿಳೀತೈತಿ. ಹಳೇ ಕಟ್ಟಳೆ, ಅದನ್ನ ಮುರಿದ್ರ ಹಳೇ ಪುಟ ಮುರೀತಾವ.

ಅಚ್ಚಿನವರು: ಕಟ್ಟಳೆ ಇರಲಿ. ಈಗ ನನ್ನ ತಕರಾರು ಕೇಳು. ಎಲ್ಲರ ಕೈಯಾಗ ಫೋನೈತಿ, ಫೋನಿನ್ಯಾಗ ಕನ್ನಡ ಕೀಲಿಮಣೆ ಐತಿ, ಬಾಯಿಲೆ ಹೇಳಿದ್ರೂ ಬರೀತೈತಿ. ವಿಂಡೋಸ್ 10ರಾಗೂ 2019ರ ಅಪ್‌ಡೇಟಿನ ಜೋಡಿ ಕನ್ನಡ ಫೋನೆಟಿಕ್ ಕೀಲಿಮಣೆ ಬಂತು, ನಾನ ಹಾಕಿ ನೋಡೀನಿ. ಯಂತ್ರಕ್ಕ ಬರೂದನ್ನ ಪುಟಕ್ಕ ಯಾಕ ಮತ್ತ ಕಲಸತೀ?

ಜಾಲದವಳು: ಫೋನಿನ ಮಾತು ನಿಮ್ಮದ ಖರೇರಿ. ಆಂಡ್ರಾಯ್ಡ್ ಫೋನಿನ್ಯಾಗ ನನ್ನ ಪೆಟ್ಟಿಗೆ ಸುಮ್ಮ ಕೂಡಬೇಕು. ಅಲ್ಲಿ ಯಾವ ಕೀಲಿ ಒತ್ತಿದ್ರೂ ಕ್ರೋಮ್ ಸಾಮಾನ್ಯವಾಗಿ 229 ಅನ್ನೂ ಒಂದ ನಂಬರ್ ಕೊಡತೈತಿ. ಒತ್ತಿದ್ದು ಕೆ ಅನ್ನೂದ ನನಗ ತಿಳೀದಿದ್ರ ನಾ ಹ್ಯಾಂಗ ‘ಕ್’ ಇಡಲಿ? ಆದ್ರ ಅರ್ಜಿ ತುಂಬೂದು ಬರೇ ಫೋನಿನ್ಯಾಗಲ್ಲ. ಕಾಲೇಜಿನ ಲ್ಯಾಬ್, ನೆಟ್ ಸೆಂಟರ್, ಸಂಘದ ಕಚೇರಿ, ಇಲ್ಲಿ ಕಂಪ್ಯೂಟರಿಗೆ ಏನೂ ಹೊಸಾದು ಹಾಕಾಕ ಪಾಸ್‌ವರ್ಡ್ ಬೇಕು. ಅದು ಇರೂದು ಒಬ್ಬರ ಹಂತ್ಯಾಕ, ಅವರು ರಜಾದ ಮ್ಯಾಲ. ಸರತಿಯಾಗ ನಿಂತ ಹುಡುಗ ತನ್ನ ಊರ ಹೆಸರನ್ನ ಇಂಗ್ಲಿಷ್‌ನ್ಯಾಗ ಬರದು ಹೋಗತಾನ. ಮುಂದ ಅಂಕಪಟ್ಟಿಯಾಗ ಅದ ಹೆಸರು ಮೂರ ನಮೂನಿ ಆಗಿ ಬರತೈತಿ.

ಅಚ್ಚಿನವರು: ಅದೂ ಖರೇನ. ಅಂಥ ಅಂಕಪಟ್ಟಿ ಹಿಡಕೊಂಡು ಬಾಂಡ್ ಟೈಪ್ ಮಾಡಸಾಕ ನನ್ನ ಅಂಗಡಿಗೇ ಬರತಾರ. ಆತು, ತಾ ಇಲ್ಲಿ, ನಾನ ಬರದು ನೋಡತೀನಿ.

ಅವರು ಲ್ಯಾಪ್‌ಟಾಪ್ ಎಳೆದುಕೊಂಡು ‘ಅಕ್ಕಮಹಾದೇವಿ’ ಎಂದು ಹೊಡೆದರು. ಪರದೆಯ ಮೇಲೆ ಬಿದ್ದದ್ದು ಓದಲಾಗದ ಅಕ್ಷರಗಳ ರಾಶಿ.

ಅಚ್ಚಿನವರು: ನೋಡಿದಿ? ನನ್ನ ಬಟ್ಟು ಕಲ್ತದ್ದು ಕೆ.ಪಿ. ರಾಯರ ವಿನ್ಯಾಸ, ಗಣಕ ಪರಿಷತ್ತಿನ ‘ನುಡಿ’ಯೊಳಗ ಇರೂದು. ಅಲ್ಲಿ ಕೆ ಒತ್ತಿದ್ರ ಪೂರಾ ‘ಕ’. ಒತ್ತಕ್ಷರಕ್ಕ ನಡುವ ಎಫ್. ‘ಕ್ಕ’ ಅಂದ್ರ ಕೆ, ಎಫ್, ಕೆ. ನಿನ್ನದರಾಗ ಪ್ರತಿ ಅಕ್ಷರಕ್ಕೂ ‘ಎ’ ಒತ್ತಬೇಕು. ದಿನಕ್ಕ ಹತ್ತಾರು ಪುಟ ಹೊಡಿಯೂ ಮನುಷ್ಯಾಗ ಅದು ಎಷ್ಟು ಹೆಚ್ಚಿನ ಕೆಲಸ! ಎಲ್ಲರಿಗೂ ಅಂತ ಕಟ್ಟೀ, ಎಲ್ಲರೂ ನಿನ್ನಂಗ ಬರೀತಾರಂತ ತಿಳಕೊಂಡೀ.

ಜಾಲದವಳು: ಅದಕ್ಕ ಟ್ಯಾಗಿನ್ಯಾಗ ‘ವಿನ್ಯಾಸ’ ಅಂತ ಒಂದು ಗುಣ ಇಟ್ಟೀನ್ರಿ. ಅಲ್ಲಿ ‘ಕೆಜಿಪಿ’ ಅಂತ ಬರೀರಿ, ಅದ ಪೆಟ್ಟಿಗೆ ನುಡಿಯಂಗ ನಡೀತೈತಿ. ಗುಣ ಬದಲಾದ ಕೂಡಲೆ ಪೆಟ್ಟಿಗೆಗೆ ಬ್ರೌಸರು ಸುದ್ದಿ ಕೊಡತೈತಿ, ಅದು ನಿಯಮದ ಪಟ್ಟಿ ಬದಲಿ ಮಾಡತೈತಿ. ಆ ಪಟ್ಟಿ ನಾ ಬರದದ್ದಲ್ಲ. ವಿಕಿಪೀಡಿಯಾದವರದು.

ಅಚ್ಚಿನವರು: ಅಂದ್ರ ಈ ಕೆಲಸ ನಿನಗಿಂತ ಮೊದಲ ಆಗೇತಿ.

ಜಾಲದವಳು: ಆಗೇತ್ರಿ. ಮೊದಲ ಅಲ್ಲಿ ನಾರಾಯಂ ಅನ್ನೂ ವಿಸ್ತರಣೆ ಇತ್ತು, ಮೀಡಿಯಾವಿಕಿ ಬಿಟ್ಟು ಹೊರಗ ನಡೀತಿದ್ದಿಲ್ಲ. ತಮಗ ಬೇಕಾದ್ದು ಬ್ಯಾರೆಯವರಿಗೂ ಬೇಕು ಅಂತ ವಿಕಿಮೀಡಿಯಾದ ಭಾಷಾ ತಂಡದವರು 2012ರ ಹೊತ್ತಿಗೆ ಬರವಣಿಗೆಯ ಭಾಗನಷ್ಟ ಬಿಡಿಸಿ ಜೆಕ್ವೆರಿ ಐಎಂಇ ಅಂತ ಬ್ಯಾರೆ ಲೈಬ್ರರಿ ಮಾಡಿದ್ರು. ಕನ್ನಡಕ್ಕ ಅದರಾಗ ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕೆಜಿಪಿ ಅಂತ ಬ್ಯಾರೆ ಬ್ಯಾರೆ ಪಟ್ಟಿ ಅದಾವ. ಮುಕ್ತ ಪರವಾನಗಿ, ಯಾರು ಬೇಕಾದ್ರೂ ತಗೋಬಹುದು. ಕನ್ನಡ ವಿಕಿಪೀಡಿಯಾದಾಗ ತಿದ್ದಾಕ ಕುಂತಾಗ ಬರೂ ಕೀಲಿಮಣೆ ಅದ.

ಅಚ್ಚಿನವರು: ಹಂಗಿದ್ರ ಅದನ್ನ ಹಚ್ಚೂದು ಬಿಟ್ಟು ಹೊಸಾದು ಯಾಕ? ಹುಡುಗರಿಗೆ ಇದೊಂದು ಹುಚ್ಚು. ಇದ್ದದ್ದನ್ನ ಓದೂ ಬ್ಯಾಸರಕ್ಕ ಮತ್ತ ಮೊದಲಿಂದ ಬರೀತೀರಿ.

ಜಾಲದವಳು: ಅದು ಜೆಕ್ವೆರಿ ಕೇಳತೈತ್ರಿ, ನಿಂಬೆ ವ್ಯಾಪಾರಿಯ ಪುಟದಾಗ ಜೆಕ್ವೆರಿ ಇಲ್ಲ. ಪಟ್ಟಿ ಅವರದು ತಗೊಂಡೆ, ಹೊರಗಿನ ಕವಚ ನಾ ಕಟ್ಟಿದೆ. ನೀವು ಪ್ರೆಸ್ ಹಾಕಿದಾಗ ಮೊಳೆ ನೀವ ಎರಕ ಹೊಯ್ದಿದ್ರೇನು?

ಅಚ್ಚಿನವರು: ಇಲ್ಲವ್ವಾ. ಫೌಂಡ್ರಿಯಿಂದ ತೂಕದ ಲೆಕ್ಕದಾಗ ತರತಿದ್ವಿ. ಆದ್ರ ಒಮ್ಮೆ ತಂದ ಮ್ಯಾಲ ಅದು ನನ್ನ ಕೇಸಿನ್ಯಾಗ, ನನ್ನ ಅಂಗಡಿಯಾಗ. ಈ ಮಾತು ನೆನಪಿಟ್ಕೋ, ಇದಕ್ಕ ನಾ ವಾಪಸ್ ಬರತೀನಿ. ಕವಚ ಅಂದೆಲ್ಲಾ, ಅದನ್ನ ಮೊದಲ ಹೇಳು. ಒಬ್ಬೊಬ್ಬರ ಪುಟ ಒಂದೊಂದ ನಮೂನಿ. ಅಲ್ಲಿ ಹೋಗಿ ನಿನ್ನ ಪೆಟ್ಟಿಗೆ ಕೆಡೂದಿಲ್ಲೇನು?

ಜಾಲದವಳು: ಕೆಡತೈತ್ರಿ, ಜೀವ ತಿನ್ನೂ ಭಾಗ ಅದ. ಸಂಘದ ಪುಟದವರು ಎಲ್ಲಾ ಬಟನ್ನಿಗೂ ಹಸಿರು ಬಣ್ಣ ಅಂತ ಬರದಾರ. ಅದು ನನ್ನ ಪೆಟ್ಟಿಗೆಯ ಬಟನ್ನಿಗೂ ಹತ್ತತೈತಿ. ಅದಕ್ಕ ಶ್ಯಾಡೋ ಡಾಮ್ ಅಂತ ಐತಿ. ಹೊರಗಿನ ಶೈಲಿಯ ನಿಯಮಕ್ಕ ಒಳಗಿನ ಬಟನ್ನು ಸಿಗೂದಿಲ್ಲ, ಒಳಗಿನ ನಿಯಮ ಹೊರಗ ಸೋರೂದಿಲ್ಲ.

ಅಚ್ಚಿನವರು: ಪೂರಾ ಬಂದೋಬಸ್ತು?

ಜಾಲದವಳು: ಪೂರಾ ಅಲ್ಲ. ಫಾಂಟು, ಬಣ್ಣ, ಸಾಲಿನ ಎತ್ತರ, ಅಕ್ಷರದ ನಡುವಿನ ಅಂತರ, ಇವು ವಂಶಪಾರಂಪರ್ಯವಾಗಿ ಇಳಿಯೂ ಗುಣ. ಶ್ಯಾಡೋ ಡಾಮ್ ದಾಟಿ ಒಳಗ ಬರತಾವ. ಇಂಗ್ಲಿಷ್ ಪುಟಕ್ಕಂತ ಸಾಲಿನ ಎತ್ತರ ಬಿಗಿಯಾಗಿ ಇಟ್ಟಿರತಾರ. ನನ್ನ ಪೆಟ್ಟಿಗ್ಯಾಗ ‘ರಾಷ್ಟ್ರ’ ಅಂತ ಬರದ್ರ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗತೈತಿ. ಅದಕ್ಕ ಪೆಟ್ಟಿಗೆಯ ಬಾಗಲದಾಗ ಎಲ್ಲಾ ಗುಣ ಮೂಲಸ್ಥಿತಿಗೆ ತಂದು, ಕನ್ನಡಕ್ಕ ಬೇಕಾದಷ್ಟು ಎತ್ತರ ನಾನ ಕೊಡಬೇಕಾತು.

ಅಚ್ಚಿನವರು: ಒತ್ತಿಗೆ ಜಾಗ ಬಿಡದ ಕಂಪಾಜಿಟರನ್ನ ನಾವು ಕೆಲಸಕ್ಕ ಇಟ್ಕೊಂತಿದ್ದಿಲ್ಲ. ಆದ್ರ ಎಲ್ಲಾ ಗುಣ ನೀನ ತಗದು ಹಾಕಿದ್ರ ಕಾಲೇಜಿನವರ ಪುಟದಾಗ ನಿನ್ನ ಪೆಟ್ಟಿಗೆ ಒಂದ ಬ್ಯಾರೆ ಕಾಣತೈತಿ. ಪತ್ರಿಕೆ ಎಲ್ಲಾ ಕೆಂಪು ಶಾಯಿ, ಗಣಪತಿ ಒಬ್ಬನ ಕರಿ. ಗಿರಾಕಿ ಒಪ್ಪತಾನೇನು?

ಜಾಲದವಳು: ಒಪ್ಪೂದಿಲ್ಲ. ಅದಕ್ಕ ಬಣ್ಣ, ಫಾಂಟು, ಅಂಚಿನ ದಪ್ಪ, ಇಷ್ಟಕ್ಕ ಹೆಸರು ಕೊಟ್ಟು ಹೊರಗಿಟ್ಟೀನಿ. ಆ ಹೆಸರು ಹಿಡದು ಅವರು ಬದಲಿ ಮಾಡಬಹುದು. ಉಳಿದದ್ದಕ್ಕ ಕೈ ಹಾಕಾಕ ಬರೂದಿಲ್ಲ. ಎಷ್ಟು ಬಿಡಬೇಕು, ಎಷ್ಟು ಹಿಡೀಬೇಕು ಅನ್ನೂದ ಈ ಕೆಲಸದಾಗ ದೊಡ್ಡ ತಲಿನೋವು. ಅದಕ್ಕಿಂತ ಕೆಟ್ಟದ್ದು ಇನ್ನೊಂದೈತಿ. ಶ್ಯಾಡೋ ಡಾಮಿನೊಳಗ ಬರದದ್ದು ಹೊರಗಿನ ಅರ್ಜಿಯ ಜೋಡಿ ತಾನಾಗಿ ಹೋಗೂದಿಲ್ಲ. ಹುಡುಗ ಹೆಸರು ಬರೀತಾನ, ಪರದೆ ಮ್ಯಾಲ ಚಂದಾಗಿ ಕಾಣತೈತಿ, ‘ಸಲ್ಲಿಸು’ ಒತ್ತತಾನ. ಕಾಲೇಜಿಗೆ ಮುಟ್ಟಿದ ಅರ್ಜಿಯೊಳಗ ಹೆಸರಿನ ಜಾಗ ಖಾಲಿ.

ಅಚ್ಚಿನವರು: ಅಯ್ಯ! ತಪ್ಪು ಕಾಣೂದೂ ಇಲ್ಲ.

ಜಾಲದವಳು: ಕಾಣೂದಿಲ್ಲ. ನಾನೂ ಈ ಅರ್ಜಿಯ ಅಂಗ ಅಂತ ಪೆಟ್ಟಿಗೆ ಬ್ರೌಸರಿಗೆ ಹೇಳಬೇಕು, ಅಕ್ಷರ ಬದಲಾದಂಗ ತನ್ನ ಬೆಲೆ ಒಪ್ಪಸತಾ ಇರಬೇಕು. ಎಲಿಮೆಂಟ್ ಇಂಟರ್ನಲ್ಸ್ ಅಂತಾರ. ಸಫಾರಿಗೆ ಈ ಸವಲತ್ತು ಬಂದದ್ದ 2023ರಾಗ. ಹಳೇ ಐಫೋನು ಹಿಡದವರಿಗಂತ ಮುಚ್ಚಿದ ಇನ್ನೊಂದು ಖಾನೆ ಹೊರಗ ಇಟ್ಟು, ಅದರಾಗೂ ಒಂದು ನಕಲು ಬರೀತೀನಿ.

ಅಚ್ಚಿನವರು: ಸರಿ. ಈಗ ನನ್ನ ಮಾತಿಗೆ ವಾಪಸ್ ಬಾ. ಈ ಸ್ಕ್ರಿಪ್ಟು ಇರೂದೆಲ್ಲಿ? ಕಾಲೇಜಿನವರ ಹಂತ್ಯಾಕೋ, ನಿನ್ನ ಹಂತ್ಯಾಕೋ?

ಜಾಲದವಳು: ನನ್ನ ಸರ್ವರಿನ್ಯಾಗ. ಅವರ ಪುಟ ತಗದಾಗೊಮ್ಮೆ ಅಲ್ಲಿಂದ ಬರತೈತಿ.

ಅಚ್ಚಿನವರು: ಹಂಗಾದ್ರ ಇದು ಬ್ಲಾಕಲ್ಲ, ನಾ ಅಂದದ್ದ ತಪ್ಪು. ಬ್ಲಾಕ್ ಫರ್ಮಾದಾಗ ಬಿಗದ ಮ್ಯಾಲ ಅದು ಬಿಗದಂಗ ಇರತೈತಿ. ನಾ ಇಲ್ಲಿ ಕುಂತು ಅಲ್ಲಿ ಗಣಪತಿಯ ಸೊಂಡಿ ತಿರುವಾಕ ಬರತಿದ್ದಿಲ್ಲ. ನಿನ್ನದು ಹಂಗಲ್ಲ. ಇವತ್ತ ಬಿಗದ ಬ್ಲಾಕು ನಾಳಿ ಅವರ ಪ್ರೆಸ್ಸಿನ್ಯಾಗ, ಅವರ ಶಾಯಿಯೊಳಗ, ಅವರಿಗೆ ಕೇಳದ ಬ್ಯಾರೆ ಚಿತ್ರ ಆಗಬಹುದು.

ಜಾಲದವಳು: ಬೇಕಾದದ್ದ ಅದ್ರಿ! ಈಗ ಅಲ್ಲಿ ‘ರ‍್ಯಾಂಕ್’ ಅಂತ ಬರೀರಿ ನೋಡೂಣು, ಕೆಜಿಪಿಯಾಗ.

ಅಚ್ಚಿನವರು: ಬರದೆ. ‘ಕಾರ್ಯ’ದಾಗ ಬಂದಂಗ ಅರ್ಕಾವತ್ತು ಬಿತ್ತು. ‘ರ್ಯಾಂಕ್’ ಆತು. ಇದನ್ನ ಪ್ರೂಫಿನ್ಯಾಗ ಬಿಟ್ರ ಪ್ರಾಚಾರ್ಯರು ಬಂದು ಬೈತಾರ.

ಜಾಲದವಳು: ‘ರ’ದ ಬೆನ್ನಿಗೆ ಕಾಣದ ಒಂದು ಜೋಡಣೆಯ ಗುರುತು ಕೂಡಬೇಕಿತ್ತು, ನನ್ನ ಪಟ್ಟಿಯೊಳಗ ಬಿಟ್ಟು ಹೋಗೇತಿ. ಈಗ ಹೇಳ್ರಿ. ನಾಲ್ಕೂ ಪುಟದವರು ನಕಲು ಇಳಿಸಿಕೊಂಡಿದ್ರ ಈ ತಪ್ಪು ನಾಲ್ಕೂ ಕಡೆ ಹಂಗ ಉಳೀತಿತ್ತು. ಸಂಘದ ಪುಟ ಮಾಡಿಕೊಟ್ಟ ಹುಡುಗ ಈಗ ಪುಣೆಯಾಗ ಅದಾನ, ಯಾರು ತಿದ್ದಬೇಕು? ನಾ ಒಂದ ಕಡೆ ತಿದ್ದಿದ್ರ ಸಂಜಿಯೊಳಗ ನಾಲ್ಕೂ ಕಡೆ ‘ರ‍್ಯಾಂಕ್’ ಸರಿ. ನಿಮ್ಮ ಬ್ಲಾಕಿನ ಮುಕ್ಕು ಅಚ್ಚಾದ ಪತ್ರಿಕೆಯಾಗ ತಿದ್ದಾಕ ಬರತಿತ್ತೇನು?

ಅಚ್ಚಿನವರು: ಬರತಿದ್ದಿಲ್ಲ. ಅದು ನಿನ್ನ ಕಡೆ ದೊಡ್ಡ ಮಾತು, ಒಪ್ಪಿದೆ. ಆದ್ರ ಒಳ್ಳೇದು ಬರೂ ದಾರೀಲೆ ಕೆಟ್ಟದ್ದೂ ಬರತೈತಿ. ನಿನ್ನ ಸರ್ವರಿಗೆ ಯಾರರೆ ಕೈ ಹಾಕಿದ್ರ?

ಜಾಲದವಳು: ಹಂಗ ಆದದ್ದೂ ಐತಿ. ಬ್ರೌಸ್‌ಅಲೌಡ್ ಅಂತ ಒಂದು ಬಿಡಿಭಾಗ, ಓದಾಕ ತ್ರಾಸು ಇದ್ದವರಿಗೆ ಪುಟ ಗಟ್ಟಿಯಾಗಿ ಓದಿ ಹೇಳೂದು. ನನ್ನದರಂಗ ಒಂದ ಸಾಲಿನ ಸ್ಕ್ರಿಪ್ಟು. 2018ರ ಫೆಬ್ರವರಿ 11ಕ್ಕ ಯಾರೋ ಆ ಒಂದ ಕಡತದಾಗ ಕ್ರಿಪ್ಟೊ ನಾಣ್ಯ ಅಗಿಯೂ ಕೋಡು ಸೇರಿಸಿದ್ರು. ನಾಲ್ಕು ಸಾವಿರಕ್ಕೂ ಹೆಚ್ಚು ಜಾಲತಾಣ ಒಮ್ಮೆಲೆ ಸಿಕ್ಕೊಂಡ್ವು. ಅದರಾಗ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯದೂ ಒಂದು. ಮಂದಿಯ ಖಾಸಗಿ ಮಾಹಿತಿ ಕಾಯೂದ ಆ ಕಚೇರಿಯ ಕೆಲಸ.

ಅಚ್ಚಿನವರು: ಕಾಯೋರ ಮನಿಯೊಳಗ ಹೊಕ್ಕಿತು ಅನ್ನು.

ಜಾಲದವಳು: 2024ರಾಗ ಪಾಲಿಫಿಲ್‌ದು ಬ್ಯಾರೆ ನಮೂನಿ. ಹಳೇ ಬ್ರೌಸರಿಗೆ ಹೊಸ ಸವಲತ್ತು ಕೊಡೂ ಸ್ಕ್ರಿಪ್ಟು, ಲಕ್ಷಕ್ಕ ಮೀರಿದ ಜಾಲತಾಣ ಅದನ್ನ ಕರೀತಿದ್ವು. ಯಾರೂ ಕನ್ನ ಹಾಕಲಿಲ್ಲ, ಡೊಮೇನ್ ಕೈ ಬದಲಾತು. ಕೊಂಡವರ ಕಾಲದಾಗ ಅದ ವಿಳಾಸದಿಂದ ಕೆಟ್ಟ ಕೋಡು ಬರಾಕ ಹತ್ತಿತು. ಪುಟದವರು ಒಂದ ಸಾಲೂ ಬದಲಿ ಮಾಡಿದ್ದಿಲ್ಲ.

ಅಚ್ಚಿನವರು: ನಿನ್ನ ಪೆಟ್ಟಿಗೆಯಂತೂ ಒತ್ತಿದ ಕೀಲಿ ಎಲ್ಲಾ ನೋಡತೈತಿ. ಸಂಘದ ಪುಟದಾಗ ಖಾತೆ ನಂಬರ್ ಐತಿ, ಪಾಸ್‌ವರ್ಡ್ ಐತಿ. ಅಲ್ಲಿಗೂ ಅದರ ಕಣ್ಣು ಹೋಗತೈತೇನು?

ಜಾಲದವಳು: ನನ್ನ ಕೋಡು ನೋಡೂದಿಲ್ಲ. ಆದ್ರ ನೋಡಬೇಕಂದ್ರ ನೋಡಬಹುದು. ಪುಟದಾಗ ಸೇರಿದ ಸ್ಕ್ರಿಪ್ಟಿಗೆ ಪುಟದ ತುಂಬ ಓಡಾಡೂ ಹಕ್ಕು ಸಿಗತೈತಿ. ಶ್ಯಾಡೋ ಡಾಮ್ ಶೈಲಿಯ ಜಗಳ ತಡಿಯಾಕ ಐತಿ, ಕಳ್ಳರನ್ನ ತಡಿಯಾಕಲ್ಲ. ಆ ಹಕ್ಕು ಕೊಡಬಾರದಂದ್ರ ಐಫ್ರೇಮ್ ಒಳಗ ಹಾಕಬೇಕು. ಅದು ಬ್ಯಾರೆ ವಿಳಾಸದಿಂದ ಬಂದ ಬ್ಯಾರೆ ಪುಟ. ನಡುವ ಸಂದೇಶ ಅಷ್ಟ ಹೋಗಿ ಬರತಾವ. ಸುರಕ್ಷಿತ, ಆದ್ರ ಎತ್ತರ ಹೊಂದೂದಿಲ್ಲ, ಅರ್ಜಿಗೆ ಕೂಡಸೂದು ಇನ್ನೂ ತ್ರಾಸು.

ಅಚ್ಚಿನವರು: ನಡುವಿನ ದಾರಿ ಇಲ್ಲೇನು?

ಜಾಲದವಳು: ಐತಿ. ಸ್ಕ್ರಿಪ್ಟ್ ಕರಿಯೂ ಸಾಲಿನ್ಯಾಗ ‘ಇಂಟೆಗ್ರಿಟಿ’ ಅಂತ ಕಡತದ ಗುರುತು ಬರೀಬಹುದು. ಕಡತದಾಗ ಒಂದ ಅಕ್ಷರ ಬದಲಾದ್ರೂ ಗುರುತು ತಾಳೆ ಆಗೂದಿಲ್ಲ, ಬ್ರೌಸರು ಅದನ್ನ ಓಡಸೂದಿಲ್ಲ. ಬ್ರೌಸ್‌ಅಲೌಡ್ ಹಚ್ಚಿದವರು ಅದೊಂದು ಬರದಿದ್ರ ಆ ದಿನ ಬಚಾವ್.

ಅಚ್ಚಿನವರು: ಹಚ್ಚಿಬಿಡು ಮತ್ತ.

ಜಾಲದವಳು: ಹಚ್ಚಿದ್ರ ನಿಮ್ಮ ‘ರ‍್ಯಾಂಕ್’ ತಿದ್ದಿದ್ದೂ ತಾಳೆ ಆಗೂದಿಲ್ರಿ! ತಿದ್ದಿದ ಕಡತನೂ ಬದಲಾದ ಕಡತನ. ಪೆಟ್ಟಿಗೇನ ಬರೂದಿಲ್ಲ.

ಅಚ್ಚಿನವರು: ಓಹೋ. ಕಳ್ಳಗೂ ಬಾಗಲಾ ಬಂದ್, ಡಾಕ್ಟರಗೂ ಬಾಗಲಾ ಬಂದ್. ಅಂದ್ರ ನಿನ್ನ ಹಂತ್ಯಾಕ ಉಪಾಯ ಇಲ್ಲ, ಆಯ್ಕೆ ಐತಿ. ಇದನ್ನ ಗಿರಾಕಿಗೆ ಹೇಳಿ ಕೊಡತೀಯೋ, ಎರಡ ಸಾಲು ಹಾಕ್ರಿ ಅಂದು ಸುಮ್ಮ ಇರತೀಯೋ?

ಜಾಲದವಳು: ಹೇಳಬೇಕು. ಆದ್ರ ನಿಮ್ಮಂಗ ಎಲ್ಲಾ ತಮ್ಮ ಹಂತ್ಯಾಕ ಇರಬೇಕಂದ್ರೂ ನಡಿಯೂದಿಲ್ಲ.

ಅಚ್ಚಿನವರು: ಯಾಕ ನಡಿಯೂದಿಲ್ಲ? ಫ.ಗು. ಹಳಕಟ್ಟಿಯವರು ವಕೀಲರು. ವಚನ ಅಚ್ಚಾಗಬೇಕಂತ 1925ರಾಗ ವಿಜಾಪುರದಾಗ ತಾವ ಹಿತಚಿಂತಕ ಮುದ್ರಣಾಲಯ ಹಾಕಿದ್ರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಬ್ಯಾರೆಯವರ ಯಂತ್ರ ಬಿಡುವು ಆಗಲಿ ಅಂತ ಕುಂತಿದ್ರ ವಚನದ ತಾಳೆಗರಿ ಎಷ್ಟು ವರ್ಷ ಗಂಟಿನ್ಯಾಗ ಇರತಿದ್ವೋ. ಕೆಲಸ ದೊಡ್ಡದಿದ್ರ ಸಾಧನ ನಮ್ಮ ಕೈಯಾಗ ಇರಬೇಕು.

ಜಾಲದವಳು: ಅವರು ಮನಿ ಮಾರಿ ನಡಿಸಿದ್ದನ್ನೂ ವಿಜಾಪುರದ ಮಂದಿ ಹೇಳತಾರಲ್ರಿ. ಪತ್ತಿನ ಸಂಘದ ಕಾರ್ಯದರ್ಶಿ ಒಂದು ಖಾನೆಯಾಗ ಕನ್ನಡ ಬರಲಿ ಅಂತ ಹಳಕಟ್ಟಿ ಆಗಬೇಕೇನು? ಎಲ್ಲರೂ ಹಳಕಟ್ಟಿ ಆಗೂದಿಲ್ಲ. ಆಗದವರ ಪುಟ ಇಂಗ್ಲಿಷ್‌ನ್ಯಾಗ ಉಳೀತೈತಿ. ನನ್ನ ಎರಡ ಸಾಲು ಅಂಥವರಿಗೆ.

ಅಚ್ಚಿನವರು: ಮಾತು ಚಲೋ ಐತಿ. ಆದ್ರ ಎರಡ ಸಾಲು ಕೊಟ್ಟವರು ಮುಂದ ಕೈ ಬಿಟ್ರ? ಗೂಗಲ್‌ನವರು ಹಿಂಗ ಒಂದ ಲಿಪ್ಯಂತರದ ಸವಲತ್ತು ಕೊಟ್ಟಿದ್ರು, ಕನ್ನಡನೂ ಅದರಾಗ ಇತ್ತು. ಜಾಲಪುಟದಾಗ ಹಾಕ್ಕೊಂಡವರನ್ನ ನಾ ಕಂಡೀನಿ.

ಜಾಲದವಳು: ಹೌದ್ರಿ, 2011ರ ಮೇ 26ಕ್ಕ ಅದನ್ನ ಇನ್ನ ಬೆಳಸೂದಿಲ್ಲ ಅಂತ ಹೇಳಿಬಿಟ್ರು.

ಅಚ್ಚಿನವರು: ಅಷ್ಟು ದೊಡ್ಡವರು ಬಿಟ್ರು. ನೀ ಒಬ್ಬಾಕಿ. ನಾಳಿ ಲಗ್ನ ಆಗಿ ಹೋಗತೀ, ಇಲ್ಲಾ ಕೆಲಸ ಬದಲಿ ಮಾಡತೀ.

ಜಾಲದವಳು: ಲಗ್ನ ಆದ್ರ ಕೋಡು ಮರೀತೈತೇನ್ರಿ ಕಾಕಾ? ನಿಮ್ಮ ಪ್ರೆಸ್ಸು ಕಾಕುನ ಮದುವಿ ಆದ ಮ್ಯಾಲ ನಿಂತಿತ್ತೇನು?

ಅಚ್ಚಿನವರು: ಅದು ಬಿಡು, ಸೋತೆ. ಕೆಲಸ ಬದಲಿ ಅನ್ನೂದಂತೂ ಉಳೀತಲ್ಲ.

ಜಾಲದವಳು: ಉಳೀತು. ಅದಕ್ಕ ಕೋಡು ಮುಕ್ತ ಇಟ್ಟೀನಿ. ನಾ ಬಿಟ್ರ ಇನ್ನೊಬ್ಬರು ಹಿಡೀಬಹುದು.

ಅಚ್ಚಿನವರು: ಹಿಡೀಬಹುದು. ಹಿಡೀತಾರಂತ ಹೇಳಾಕ ಬರೂದಿಲ್ಲ. ಇನ್ನೊಂದ ಕೇಳತೀನಿ. ವಚನದ ಪುಟದಾಕಿ ನಿನ್ನ ಪೆಟ್ಟಿಗ್ಯಾಗ ಇನ್ನೇನೇನು ಕೇಳ್ಯಾಳ?

ಜಾಲದವಳು: ಹಳಗನ್ನಡದ ಱ, ೞ ಕೇಳ್ಯಾಳ್ರಿ. ಮುಂದ ಆಕಿಗೆ ಶಾಸನನೂ ಸೇರಸೂದೈತಿ. ನಮ್ಮ ತಾಲೂಕಿನ ಯರಗಲ್ಲದ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದಂಥವನ್ನ ಹುಡುಕೋರಿಗೆ ಆ ಅಕ್ಷರ ಇಲ್ಲದ ನಡಿಯೂದಿಲ್ಲ. ನಿಂಬೆ ವ್ಯಾಪಾರಿಗೆ ಅದು ಬ್ಯಾಡ, ಅಂವಗ ಕನ್ನಡ ಅಂಕಿ ಬರೀಬಾರದು, ರೇಟು ಇಂಗ್ಲಿಷ್ ಅಂಕಿಯಾಗ ಬೇಕು. ಕಾಲೇಜಿನವರಿಗೆ ಹೆಸರಿನ ಖಾನೆಯಾಗ ಅಂಕಿಯ ಬ್ಯಾಡ. ಸಂಘದವರ ಕಂಪ್ಯೂಟರಿನ್ಯಾಗ ನುಡಿ ಮೊದಲ ಚಾಲೂ ಇರತೈತಿ. ಅದು, ನನ್ನದು ಎರಡೂ ಒಮ್ಮೆಲೆ ಕೈ ಹಾಕಿದ್ರ ಅಕ್ಷರ ಕಲಸಿ ಹೋಗತಾವ. ಅದಕ್ಕ ಆರಿಸೂ ಬಟನ್ನು ಬೇಕು.

ಅಚ್ಚಿನವರು: ಒಬ್ಬೊಬ್ಬರಿಗೆ ಒಂದೊಂದ ಗುಣ ಸೇರಿಸಿದ್ರ ಕಡೀಕ ನಿನ್ನ ಪೆಟ್ಟಿಗೆ ಅವರ ಪುಟಕ್ಕಿಂತ ದೊಡ್ಡದಾಗತೈತಿ. ಭೀಮಾ ದಂಡಿ ಹಳ್ಳಿಯಾಗ ಒಂದ ಕಡ್ಡಿ ನೆಟ್‌ವರ್ಕಿನ್ಯಾಗ ತಗಿಯೋರ ಗತಿ ಏನು?

ಜಾಲದವಳು: ಹಂಗಂತ ನಾಲ್ಕು ಬ್ಯಾರೆ ಪೆಟ್ಟಿಗೆ ಮಾಡಿದ್ರ ನಾಲ್ಕರ ತಪ್ಪೂ ಬ್ಯಾರೆ ತಿದ್ದಬೇಕು. ಪಟ್ಟಿಗಳನ್ನ ತುಂಡು ಮಾಡಿ ಇಟ್ಟೀನಿ. ಯಾವ ವಿನ್ಯಾಸ ಕೇಳತಾರೋ ಆ ಪಟ್ಟಿ ಅಷ್ಟ ಇಳೀತೈತಿ. ಱ, ೞ ಸೇರಸತೀನಿ. ಅಂಕಿಯ ಕೆಲಸ ಪೆಟ್ಟಿಗೇದಲ್ಲ, ಅದನ್ನ ಪುಟದವರು ನೋಡಿಕೊಳ್ಳಲಿ. ಪೆಟ್ಟಿಗೆ ಬದಲಾದಾಗೊಮ್ಮೆ ಸುದ್ದಿ ಕೊಡತೈತಿ, ಕೇಳಿಸಿಕೊಂಡು ಅವರ ತಪಾಸಣಿ ಮಾಡಲಿ.

ಅಚ್ಚಿನವರು: ಇದು ಸರಿ. ‘ಇಲ್ಲ’ ಅನ್ನಾಕ ಕಲ್ತೀ. ಆದ್ರ ನಿಂಬೆ ವ್ಯಾಪಾರಿ ತಪಾಸಣಿ ಕೋಡು ಬರಿಯೂದಿಲ್ಲ ಅನ್ನೂದು ನಿನಗೂ ಗೊತ್ತು, ನನಗೂ ಗೊತ್ತು.

ಜಾಲದವಳು: ಗೊತ್ರಿ. ಅದನ್ನೂ ನಾನ ಬರದು ಕೊಡಬೇಕಾಗತೈತಿ. ನಿಂಬೆ ಪುಟಕ್ಕಷ್ಟ.

ಅಚ್ಚಿನವರು: ಕಡೀಕ ಯಾರಿಗೆ ಏನು ಕೊಡತೀ ಹೇಳು.

ಜಾಲದವಳು: ಸಂಘದವರಿಗೆ ನಕಲು, ಅವರ ಸರ್ವರಿನ್ಯಾಗ. ರೊಕ್ಕದ ಪುಟ, ನನ್ನ ಬಾಗಲಾ ಅಲ್ಲಿ ತೆರದಿರೂದು ಬ್ಯಾಡ. ಕಾಲೇಜಿನವರಿಗೆ ಗುರುತು ಬರದ ಸಾಲು. ಹೊಸ ಆವೃತ್ತಿ ಬಂದಾಗ ಪ್ರವೇಶದ ಹಂಗಾಮಿನ ಮೊದಲ ಗುರುತು ಬದಲಿ ಮಾಡಲಿ. ವಚನದ ಪುಟ, ನಿಂಬೆ ಪುಟ ಎರಡಕ್ಕೂ ನೇರ ಸಾಲು, ತಿದ್ದಿದ್ದು ಅವತ್ತ ಮುಟ್ಟಲಿ.

ಅಚ್ಚಿನವರು: ನಾನಾಗಿದ್ರ ನಾಲ್ಕೂ ಕಡೆ ನಕಲು ಕೊಡತಿದ್ದೆ.

ಜಾಲದವಳು: ನಾನು ಮೊದಲ ನಾಲ್ಕೂ ಕಡೆ ನೇರ ಸಾಲು ಅಂದ್ಕೊಂಡಿದ್ದೆ.

ಅಚ್ಚಿನವರು: ಸಂಘದವರ ನಕಲಿನ್ಯಾಗ ‘ರ‍್ಯಾಂಕ್’ ತಪ್ಪ ಉಳದ್ರ ಅವರಿಗೆ ಸುದ್ದಿ ಮುಟ್ಟಸೋರು ಯಾರು?

ಜಾಲದವಳು: ನಾನ ಹೋಗಿ ಹೇಳತೀನ್ರಿ, ಈ ಕೆಲಸದಾಗ ಇರೂ ತನಕ.

ಅಚ್ಚಿನವರು: ‘ಇರೂ ತನಕ’ ಅನ್ನೂದನ್ನ ಬಳಸೂ ಸೂಚನೆಯಾಗ ಮೊದಲನೇ ಸಾಲಿಗೆ ಬರಿ. ಆ ಎರಡ ಸಾಲು ಹಾಕೂ ಮುಂಚೆ ಅದನ್ನ ಓದಲಿ.

ಜಾಲದವಳು: ಬರೀತೀನಿ. ಅದರ ಕೆಳಗ ಇನ್ನೊಂದೂ ಬರೀತೀನಿ: ನಕಲು ಒಯ್ದವರು ತಾವ ತಿದ್ದಿಕೊಳ್ಳಬೇಕು ಅಂತ. ಅದನ್ನೂ ಓದಲಿ.